ಬೆಂಚಿನ ತುದಿಯ ಗಾರ್ಡ್: ಬಾಸ್ಕೆಟ್‌ಬಾಲ್‌ನ ‘ಜರ್ನಿಮನ್’ ಬದುಕಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಾಸ್ಕೆಟ್‌ಬಾಲ್ ನೋಡುವವರ ಕಣ್ಣು ಸಹಜವಾಗಿಯೇ ತಾರೆಯರ ಮೇಲಿರುತ್ತದೆ. ನನ್ನ ಕಣ್ಣು ಮಾತ್ರ ಬಹಳ ವರ್ಷಗಳಿಂದ ಬೆಂಚಿನ ತುದಿಯಲ್ಲಿ ಕೂತ ಗಾರ್ಡ್‌ಗಳ ಮೇಲೆ, ಅಂದರೆ ಚೆಂಡನ್ನು ಮುಂದಕ್ಕೆ ತಂದು ಆಟ ಕಟ್ಟುವ ಆಟಗಾರರ ಮೇಲೆ ನೆಟ್ಟಿದೆ. ಈ ತಿಂಗಳು ಒಂದು ತಂಡದ ಅಂಗಿ, ಮುಂದಿನ ತಿಂಗಳು ಇನ್ನೊಂದರದು. ಇವರ ಬಗ್ಗೆ ಗೆಳೆಯರೂ ಓದುಗರೂ ಕೇಳುತ್ತಲೇ ಬಂದ ಪ್ರಶ್ನೆಗಳನ್ನು, ನಾನು ಕೊಡುತ್ತ ಬಂದ ಉತ್ತರಗಳನ್ನು ಇಲ್ಲಿ ಒಂದೆಡೆ ಸೇರಿಸಿದ್ದೇನೆ.

‘ಜರ್ನಿಮನ್’ ಅಂದರೆ ಊರೂರು ತಿರುಗುವವನು ಎಂದೇ ಅರ್ಥವೇ?

ಹಾಗೆ ಕೇಳಿಸುತ್ತದೆ, ಆದರೆ ಪದದ ಬೇರು ಬೇರೆ ಕಡೆ ಇದೆ. ಫ್ರೆಂಚ್‌ನಲ್ಲಿ ‘ಜೂರ್ನೆ’ ಅಂದರೆ ಒಂದು ದಿನ, ಒಂದು ದಿನದ ಕೆಲಸ. ಹಿಂದಿನ ಕಾಲದ ಯುರೋಪಿನಲ್ಲಿ ಗುರುವಿನ ಬಳಿ ಕಸುಬು ಕಲಿತು ಮುಗಿಸಿ, ಸ್ವಂತ ಅಂಗಡಿ ಇಡುವಷ್ಟು ಇನ್ನೂ ಬೆಳೆಯದೆ ದಿನಗೂಲಿಗೆ ದುಡಿಯುತ್ತಿದ್ದವನು ಜರ್ನಿಮನ್. ಕೆಲಸ ಪೂರ್ತಿ ಬಲ್ಲವನು, ಆದರೆ ಅಂಗಡಿಯ ಬೋರ್ಡಿನ ಮೇಲೆ ಅವನ ಹೆಸರಿಲ್ಲ. ಬಾಸ್ಕೆಟ್‌ಬಾಲ್‌ಗೆ ಬಂದಾಗ ಯಾವ ತಂಡದಲ್ಲೂ ತಳವೂರದೆ, ಸಣ್ಣ ಸಣ್ಣ ಒಪ್ಪಂದಗಳ ಮೇಲೆ ತಂಡದಿಂದ ತಂಡಕ್ಕೆ ಸಾಗುವ ಆಟಗಾರನಿಗೆ ಈ ಹೆಸರು ಅಂಟಿಕೊಂಡಿತು. ಕೆಲವರು ಇದನ್ನು ಹೀನಾಯವಾಗಿ ಬಳಸುತ್ತಾರೆ. ನನಗೆ ಅದರಲ್ಲಿ ಕೇಳಿಸುವುದು ಮೊದಲಿನ ಅರ್ಥವೇ, ಕಸುಬು ಬಲ್ಲವನು.

ಅಮೆರಿಕದ ದೊಡ್ಡ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಅತಿ ಹೆಚ್ಚು ತಂಡಗಳಿಗೆ ಆಡಿದವರು ಯಾರು?

ಇಶ್ ಸ್ಮಿತ್. 13 ತಂಡಗಳು. ಲೀಗಿನಲ್ಲಿ ಇರುವುದೇ 30 ತಂಡ, ಹಾಗಾಗಿ ಹೆಚ್ಚುಕಡಿಮೆ ಅರ್ಧ ಲೀಗನ್ನೇ ಅವರು ಸುತ್ತಿದ್ದಾರೆ. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ‘ಡ್ರಾಫ್ಟ್’ನಲ್ಲಿ, 2010ರಲ್ಲಿ, ಅವರ ಹೆಸರನ್ನು ಯಾರೂ ಕೂಗಲಿಲ್ಲ. ಹ್ಯೂಸ್ಟನ್‌ನಲ್ಲಿ ಶುರುವಾಯಿತು, ಆಮೇಲೆ ಮೆಂಫಿಸ್, ಗೋಲ್ಡನ್ ಸ್ಟೇಟ್, ಒರ್ಲ್ಯಾಂಡೊ, ಮಿಲ್ವಾಕಿ, ಫೀನಿಕ್ಸ್, ಒಕ್ಲಹೋಮ ಸಿಟಿ, ಫಿಲಡೆಲ್ಫಿಯಾ, ನ್ಯೂ ಓರ್ಲಿಯನ್ಸ್, ಡೆಟ್ರಾಯಿಟ್, ವಾಷಿಂಗ್ಟನ್, ಹುಟ್ಟೂರು ಶಾರ್ಲಟ್, ಕೊನೆಗೆ ಡೆನ್ವರ್. 13ನೆಯ ತಂಡವಾದ ಡೆನ್ವರ್ 2023ರಲ್ಲಿ ಚಾಂಪಿಯನ್ ಆದಾಗ ಸ್ಮಿತ್ ಆ ತಂಡದಲ್ಲಿದ್ದರು.

ಅವರಿಗಿಂತ ಮೊದಲು 12 ತಂಡಗಳ ದಾಖಲೆ ನಾಲ್ವರ ಹೆಸರಿನಲ್ಲಿತ್ತು: ಚಕ್ಕಿ ಬ್ರೌನ್, ಟೋನಿ ಮ್ಯಾಸನ್‌ಬರ್ಗ್, ಜೋ ಸ್ಮಿತ್, ಜಿಮ್ ಜಾಕ್ಸನ್. ಇವರಲ್ಲಿ ಗಾರ್ಡ್ ಅಂದರೆ ಜಾಕ್ಸನ್ ಒಬ್ಬರೇ. ಅವರು 1992ರ ಡ್ರಾಫ್ಟ್‌ನಲ್ಲಿ ನಾಲ್ಕನೆಯವರಾಗಿ ಆಯ್ಕೆಯಾದವರು ಎಂಬುದನ್ನು ಮರೆಯಬಾರದು. ಆಯ್ಕೆಯಾಗದವರು ಮಾತ್ರ ಅಲೆಯುತ್ತಾರೆ ಎಂದುಕೊಂಡಿದ್ದರೆ ಅದು ತಪ್ಪು.

ಅಷ್ಟೊಂದು ತಂಡಗಳು ಕೈಬಿಟ್ಟಿವೆ ಅಂದರೆ ಆಟ ಅಷ್ಟಕ್ಕಷ್ಟೇ ಎಂದಲ್ಲವೇ?

ಈ ಪ್ರಶ್ನೆ ಕೇಳಿದಾಗಲೆಲ್ಲ ನಾನು ಲೆಕ್ಕವನ್ನು ತಿರುಗಿಸಿ ನೋಡಿ ಅನ್ನುತ್ತೇನೆ. ಸ್ಮಿತ್ ಅವರನ್ನು ಹಲವು ತಂಡಗಳು ಬಿಟ್ಟುಕೊಟ್ಟವು, ಸರಿ. ಆದರೆ 13 ತಂಡಗಳು ಅವರನ್ನು ಬೇಕೆಂದು ಕರೆದವು, ಅದೂ 14 ಋತುಗಳ ಕಾಲ. ಎನ್‌ಬಿಎಯ ಒಂದು ತಂಡಕ್ಕೆ 15 ಪೂರ್ಣ ಒಪ್ಪಂದಗಳು, 30 ತಂಡಕ್ಕೆ 450 ಜಾಗ. ಇಡೀ ಜಗತ್ತಿನ ಆಟಗಾರರು ಆ 450ರ ಮೇಲೆ ಕಣ್ಣಿಟ್ಟಿರುತ್ತಾರೆ. ಪ್ರತಿ ವರ್ಷ ಡ್ರಾಫ್ಟ್‌ನಿಂದ ಹತ್ತೊಂಬತ್ತು, ಇಪ್ಪತ್ತರ ಹರೆಯದ ಹುಡುಗರು ಬರುತ್ತಾರೆ, ಅವರಿಗೆ ಜಾಗ ಮಾಡಿಕೊಡಲು ಯಾರೋ ಎದ್ದು ಹೋಗಲೇಬೇಕು. ಒಮ್ಮೆ ಎದ್ದು ಹೋದವರಲ್ಲಿ ಬಹಳಷ್ಟು ಮಂದಿ ಮತ್ತೆ ಬರುವುದೇ ಇಲ್ಲ. ಬಾಗಿಲು ಮುಚ್ಚಿದ ಮೇಲೂ ಪಕ್ಕದ ಮನೆಯವರು ಕರೆದು ಕೂರಿಸುತ್ತಾರೆ ಅಂದರೆ ಆ ಮನುಷ್ಯನಲ್ಲಿ ಏನೋ ಇದೆ.

ಆ ‘ಏನೋ’ ಅಂಕಿಅಂಶದ ಪಟ್ಟಿಯಲ್ಲಿ ಪೂರ್ತಿ ಕಾಣುವುದಿಲ್ಲ. ಕೆವಿನ್ ಒಲಿಯನ್ನೇ ನೋಡಿ. 1995ರಲ್ಲಿ ಡ್ರಾಫ್ಟ್ ಆಗದೆ ಸಣ್ಣ ಲೀಗಿನಲ್ಲಿ ಆಡಿ, ಆಮೇಲೆ ಎನ್‌ಬಿಎಯಲ್ಲಿ 13 ಋತು ಉಳಿದ ಗಾರ್ಡ್. ಅಂಕ ಗಳಿಕೆಯಲ್ಲಿ ಎಂದೂ ದೊಡ್ಡ ಹೆಸರಲ್ಲ. ಅವರ ಕೊನೆಯ ಋತು 2009–10ರಲ್ಲಿ, ಒಕ್ಲಹೋಮ ಸಿಟಿಯಲ್ಲಿ. ಆಗಿನ್ನೂ ಎಳೆಯರಾಗಿದ್ದ ತಾರೆ ಕೆವಿನ್ ಡುರಾಂಟ್ ಆ ತಂಡದ ನಡವಳಿಕೆಯನ್ನೇ ಬದಲಿಸಿದ್ದು ಒಲಿ ಎಂದು ಮುಂದೆ ಹೇಳಿದ್ದಾರೆ. ಅಭ್ಯಾಸಕ್ಕೆ ಎಷ್ಟು ಹೊತ್ತಿಗೆ ಬರಬೇಕು, ಮೈಯನ್ನು ಹೇಗೆ ನೋಡಿಕೊಳ್ಳಬೇಕು ಎಂಬುದನ್ನೆಲ್ಲ ಪಕ್ಕದಲ್ಲೇ ಇದ್ದು ತೋರಿಸಿಕೊಡುವ ಹಿರಿಯನೊಬ್ಬ ಬೇಕಾಗುತ್ತಾನೆ.

ಅಲೆದಾಟ ಗಾರ್ಡ್‌ಗಳಲ್ಲೇ ಯಾಕೆ ಇಷ್ಟು ಎದ್ದು ಕಾಣುತ್ತದೆ?

ಎತ್ತರ. ಏಳು ಅಡಿಯವರು ಜಗತ್ತಿನಲ್ಲೇ ವಿರಳ, ಹಾಗಾಗಿ ಸಾಧಾರಣ ಆಟವಿದ್ದರೂ ಅಂಥವರಿಗೆ ತಂಡಗಳು ಕಾಯುತ್ತವೆ. ಆರು ಅಡಿ ಆಸುಪಾಸಿನ, ಚೆಂಡಿನ ಮೇಲೆ ಹಿಡಿತವಿರುವ ಆಟಗಾರರು ಎಲ್ಲ ದೇಶದಲ್ಲೂ ಸಾವಿರಾರು. ಒಬ್ಬ ಹೋದರೆ ಅಂಥ ಇನ್ನೊಬ್ಬ ಸಿಗುತ್ತಾನೆ ಎಂದು ತಂಡದ ಆಡಳಿತ ಲೆಕ್ಕ ಹಾಕುತ್ತದೆ. ಆದರೆ ಇದೇ ಮಾತಿಗೆ ಇನ್ನೊಂದು ಮಗ್ಗುಲಿದೆ. ಪಾಯಿಂಟ್ ಗಾರ್ಡ್ ಗಾಯಗೊಂಡರೆ ಚೆಂಡನ್ನು ಅಂಕಣದ ಈ ತುದಿಯಿಂದ ಆ ತುದಿಗೆ ಸುರಕ್ಷಿತವಾಗಿ ತರುವವರೇ ಇಲ್ಲದೆ ತಂಡದ ಆಟ ಕುಸಿಯುತ್ತದೆ, ಮಾರನೆಯ ದಿನವೇ ಯಾರಾದರೂ ಬೇಕು. ಆ ತುರ್ತು ಕರೆ ಹೋಗುವುದು ಅನುಭವಿ ಗಾರ್ಡ್‌ಗೆ. ಸುಲಭವಾಗಿ ಬಿಡುವುದಕ್ಕೂ ಅವಸರದಲ್ಲಿ ಕರೆಯುವುದಕ್ಕೂ ಕಾರಣ ಒಂದೇ.

ಅರ್ಲ್ ಬಾಯ್ಕಿನ್ಸ್ ಎತ್ತರ 165 ಸೆಂಟಿಮೀಟರ್. 1998ರಲ್ಲಿ ಅವರನ್ನೂ ಯಾರೂ ಡ್ರಾಫ್ಟ್ ಮಾಡಲಿಲ್ಲ. ಆಮೇಲೆ ಹತ್ತು ಎನ್‌ಬಿಎ ತಂಡಗಳು, ನಡುವೆ ಇಟಲಿಯ ಬೊಲೋನ್ಯ. ಹೋದಲ್ಲೆಲ್ಲ ಬೆಂಚಿನಿಂದ ಎದ್ದುಬಂದು ಆಟದ ವೇಗವನ್ನೇ ಬದಲಿಸುತ್ತಿದ್ದರು.

ಡ್ರಾಫ್ಟ್‌ನಲ್ಲಿ ಹೆಸರು ಬರದಿದ್ದರೆ ಮುಂದೇನು?

ಡ್ರಾಫ್ಟ್‌ನಲ್ಲಿ ಎರಡು ಸುತ್ತು, ಎಲ್ಲ ಸೇರಿ ಸುಮಾರು 60 ಹೆಸರು. ಉಳಿದವರು ಬೇಸಿಗೆ ಲೀಗಿನಲ್ಲಿ ಆಡಿ ಯಾರದಾದರೂ ಕಣ್ಣಿಗೆ ಬೀಳಲು ನೋಡುತ್ತಾರೆ. ಅಲ್ಲಿಂದ ತರಬೇತಿ ಶಿಬಿರ. ಶಿಬಿರಕ್ಕೆ ತಂಡವೊಂದು 21 ಮಂದಿಯನ್ನು ಕರೆಯಬಹುದು, ಋತು ಶುರುವಾಗುವ ಹೊತ್ತಿಗೆ ಅದನ್ನು ಇಳಿಸಲೇಬೇಕು. ಬಿಟ್ಟುಹೋದವರಲ್ಲಿ ಹಲವರು ಎನ್‌ಬಿಎಯ ಕೆಳಹಂತದ ಜಿ ಲೀಗಿಗೆ ಹೋಗುತ್ತಾರೆ, ಇನ್ನು ಕೆಲವರು ವಿಮಾನ ಹತ್ತಿ ಯುರೋಪ್, ಚೀನಾ, ಆಸ್ಟ್ರೇಲಿಯಾ, ಇಸ್ರೇಲ್, ಟರ್ಕಿಗೆ. ಜಿ ಲೀಗ್ 2001ರಲ್ಲಿ ಎಂಟು ತಂಡಗಳಿಂದ ಆರಂಭವಾಯಿತು. ಈಗಿನ ಹೆಸರು ಬಂದದ್ದು 2017ರಲ್ಲಿ.

ಹತ್ತು ದಿನದ ಒಪ್ಪಂದ ಅಂತ ನಿಜವಾಗಿಯೂ ಇದೆಯೇ?

ಇದೆ. ಪ್ರತಿ ವರ್ಷ ಜನವರಿ 5ರಿಂದ ತಂಡಗಳು ಇಂಥ ಒಪ್ಪಂದ ಮಾಡಿಕೊಳ್ಳಬಹುದು. ಅವಧಿ ಹತ್ತು ದಿನ ಅಥವಾ ಮೂರು ಪಂದ್ಯ, ಯಾವುದು ದೀರ್ಘವೋ ಅದು. ಒಂದೇ ತಂಡ ಒಬ್ಬನಿಗೆ ಒಂದು ಋತುವಿನಲ್ಲಿ ಎರಡು ಬಾರಿ ಮಾತ್ರ ಹೀಗೆ ಸಹಿ ಹಾಕಿಸಬಹುದು. ಮೂರನೆಯ ಬಾರಿ ಬೇಕಾದರೆ ಋತು ಮುಗಿಯುವವರೆಗೆ ಇಟ್ಟುಕೊಳ್ಳಬೇಕು. ಆ ಹತ್ತು ದಿನದಲ್ಲಿ ಒಂದು ನಿಮಿಷವೂ ಅಂಕಣಕ್ಕೆ ಇಳಿಯದೆ ವಾಪಸ್ ಹೋದವರಿದ್ದಾರೆ. ಪಂದ್ಯದ ಮೇಲೆ ಪಂದ್ಯ ಇರುವ ಕಾಲದಲ್ಲಿ ತಂಡದ ಪೂರ್ಣ ಅಭ್ಯಾಸವೂ ಅಪರೂಪ. ಹಾಗಾಗಿ ಸಹಾಯಕ ಕೋಚ್ ಜೊತೆ ಅರ್ಧ ಗಂಟೆ ಶೂಟಿಂಗ್, ವಿಡಿಯೊ ನೋಡುವುದು, ಟೈಮ್‌ಔಟ್‌ನಲ್ಲಿ ಎದ್ದು ನಿಂತು ಬರುವವರಿಗೆ ಕೈ ಕೊಡುವುದು, ಇಷ್ಟರಲ್ಲೇ ತಾನು ಎಂಥವನೆಂದು ತೋರಿಸಬೇಕು.

‘ಟು-ವೇ’ ಒಪ್ಪಂದ ಬೇರೆಯೇ?

ಬೇರೆ. 2017ರಲ್ಲಿ ಬಂದ ವ್ಯವಸ್ಥೆ ಇದು. 15 ಮಂದಿಯ ಹೊರಗೆ ತಂಡವೊಂದು ಈಗ ಮೂವರನ್ನು ಹೀಗೆ ಇಟ್ಟುಕೊಳ್ಳಬಹುದು. ಅವರು ಎನ್‌ಬಿಎ ತಂಡಕ್ಕೂ ಅದರ ಜಿ ಲೀಗ್ ತಂಡಕ್ಕೂ ನಡುವೆ ಓಡಾಡುತ್ತಾರೆ, ಎನ್‌ಬಿಎಯಲ್ಲಿ ಗರಿಷ್ಠ 50 ಪಂದ್ಯಗಳಿಗೆ ಹೆಸರು ಕೊಡಬಹುದು. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಗಾರ್ಡ್ ಅಲೆಕ್ಸ್ ಕರೂಸೊ ಲಾಸ್ ಏಂಜಲೀಸ್‌ನ ಲೇಕರ್ಸ್ ತಂಡಕ್ಕೆ ಬಂದದ್ದು ಇದೇ ಬಾಗಿಲಿನಿಂದ. ಅವರು 2020ರಲ್ಲಿ ಲೇಕರ್ಸ್ ಜೊತೆ, 2025ರಲ್ಲಿ ಒಕ್ಲಹೋಮ ಸಿಟಿ ಜೊತೆ ಚಾಂಪಿಯನ್ ಆದರು.

ಜನವರಿ ಬಂದರೆ ಈ ಆಟಗಾರರಿಗೆ ಯಾಕೆ ಎದೆ ಹೊಡೆದುಕೊಳ್ಳುತ್ತದೆ?

ಬೆಂಚಿನ ಕೊನೆಯಲ್ಲಿರುವ ಹಲವರ ಒಪ್ಪಂದಕ್ಕೆ ‘ಗ್ಯಾರಂಟಿ’ ಇರುವುದಿಲ್ಲ. ಕೈಬಿಟ್ಟ ದಿನಕ್ಕೆ ಸಂಬಳ ನಿಲ್ಲುತ್ತದೆ. ಜನವರಿ 10 ದಾಟಿದರೆ ಮಾತ್ರ ಆ ಋತುವಿನ ಪೂರ್ತಿ ಸಂಬಳ ಖಾಯಂ. ಕೈಬಿಟ್ಟ ಆಟಗಾರ 48 ಗಂಟೆ ‘ವೇವರ್ಸ್’ ಪಟ್ಟಿಯಲ್ಲಿರಬೇಕು, ಆ ಅವಧಿಯಲ್ಲಿ ಬೇರೆ ತಂಡ ಬಯಸಿದರೆ ಅದೇ ಒಪ್ಪಂದದ ಮೇಲೆ ಎತ್ತಿಕೊಳ್ಳಬಹುದು. ಅದಕ್ಕಾಗಿ ತಂಡಗಳು ಜನವರಿ 7ರೊಳಗೆ ತೀರ್ಮಾನಿಸುತ್ತವೆ. ಆ ವಾರ ನಾನು ಅಂಕಗಳಿಗಿಂತ ವೇವರ್ಸ್ ಸುದ್ದಿಯನ್ನೇ ಹೆಚ್ಚು ಓದುತ್ತೇನೆ. ಮಕ್ಕಳ ಶಾಲೆ, ಮನೆ ಬಾಡಿಗೆ ಎಲ್ಲವೂ ಆ ಒಂದು ಫೋನ್ ಕರೆಗೆ ಜೋತುಬಿದ್ದಿರುತ್ತದೆ.

ಜೆರೆಮಿ ಲಿನ್ ಕತೆ ಅರ್ಥವಾಗಬೇಕಾದರೆ ಈ ನಿಯಮ ತಿಳಿದಿರಬೇಕು. 2011ರ ಡಿಸೆಂಬರ್‌ನಲ್ಲಿ ಗೋಲ್ಡನ್ ಸ್ಟೇಟ್ ಅವರನ್ನು ಕೈಬಿಟ್ಟಿತು. ಹ್ಯೂಸ್ಟನ್ ಎತ್ತಿಕೊಂಡು ಎರಡೇ ವಾರದಲ್ಲಿ, ಕ್ರಿಸ್ಮಸ್ ಹಿಂದಿನ ದಿನ, ಅದೂ ಕೈಬಿಟ್ಟಿತು. ನ್ಯೂಯಾರ್ಕ್ ನಿಕ್ಸ್ ಕರೆಯಿತು, ಆದರೆ ಉಳಿಸಿಕೊಳ್ಳುವ ಭರವಸೆ ಇರಲಿಲ್ಲ, ಹಾಗಾಗಿ ಮನೆ ಮಾಡದೆ ಅಣ್ಣನ ಸೋಫಾ ಮೇಲೆ, ಸಹ ಆಟಗಾರನ ಸೋಫಾ ಮೇಲೆ ಮಲಗುತ್ತಿದ್ದರು. ಆ ವರ್ಷ ಮಾಲೀಕರ ಲಾಕ್‌ಔಟ್‌ನಿಂದ ಋತು ತಡವಾಗಿ ಶುರುವಾಗಿತ್ತು, ಆದ್ದರಿಂದ ಗ್ಯಾರಂಟಿಯ ದಿನ ಫೆಬ್ರವರಿ 10. ಫೆಬ್ರವರಿ 4ರಂದು ನ್ಯೂಜೆರ್ಸಿ ವಿರುದ್ಧ ಬೆಂಚಿನಿಂದ ಎದ್ದು 25 ಅಂಕ ಗಳಿಸಿದರು. ಫೆಬ್ರವರಿ 10ರ ರಾತ್ರಿ ಲೇಕರ್ಸ್ ವಿರುದ್ಧ 38. ಆ ಒಂದು ವಾರ ಜಗತ್ತಿಗೆಲ್ಲ ಗೊತ್ತು. ಆದರೆ ಅದಕ್ಕೆ ಮೊದಲು ಮೂರೇ ವಾರಗಳಲ್ಲಿ ಎರಡು ತಂಡ ಕೈಬಿಟ್ಟದ್ದು, ಅದರ ನಂತರ ಹ್ಯೂಸ್ಟನ್, ಲೇಕರ್ಸ್, ಶಾರ್ಲಟ್, ಬ್ರೂಕ್ಲಿನ್, ಅಟ್ಲಾಂಟಾ, ಟೊರಾಂಟೊ, ಬೀಜಿಂಗ್, ತೈವಾನ್ ಎಂದು ಸಾಗಿದ ದಾರಿ, ಇದೆಲ್ಲ ಸೇರಿದರೇ ಅವರ ವೃತ್ತಿಜೀವನ.

ಹೊಸ ತಂಡ ಸೇರಿದ ಮೊದಲ ದಿನ ಗಾರ್ಡ್ ಏನು ಮಾಡುತ್ತಾನೆ?

ಋತುವಿನ ನಡುವೆ ಟ್ರೇಡ್ ಆದರೆ, ಅಂದರೆ ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಂಡರೆ, 48 ಗಂಟೆಯೊಳಗೆ ಹೊಸ ಊರಿನಲ್ಲಿ ಹಾಜರಿರಬೇಕು. ಮೊದಲು ವೈದ್ಯರ ತಪಾಸಣೆ. ಆಮೇಲೆ ಪ್ಲೇಬುಕ್, ಅಂದರೆ ತಂಡದ ಆಟದ ಯೋಜನೆಗಳ ಪುಸ್ತಕ. ಬೇರೆ ಆಟಗಾರರು ತಮ್ಮ ಜಾಗ ತಿಳಿದುಕೊಂಡರೆ ಸಾಕು, ಪಾಯಿಂಟ್ ಗಾರ್ಡ್ ಮಾತ್ರ ಐವರ ಜಾಗವನ್ನೂ ಬಾಯಿಪಾಠ ಮಾಡಬೇಕು, ಯಾಕೆಂದರೆ ಕೂಗಿ ಹೇಳುವವನೇ ಅವನು.

ಒಂದು ಉದಾಹರಣೆ ಕೊಡುತ್ತೇನೆ. ಇಬ್ಬರು ಎತ್ತರದ ಆಟಗಾರರು ಫ್ರೀ ಥ್ರೋ ಗೆರೆಯ ಎರಡು ಮೂಲೆಗಳಲ್ಲಿ, ಇನ್ನಿಬ್ಬರು ಅಂಕಣದ ಎರಡು ಮೂಲೆಗಳಲ್ಲಿ ನಿಲ್ಲುವ ರಚನೆಗೆ ‘ಹಾರ್ನ್ಸ್’ ಎನ್ನುತ್ತಾರೆ. ಹೆಚ್ಚುಕಡಿಮೆ ಎಲ್ಲ ತಂಡಗಳೂ ಇದನ್ನು ಆಡುತ್ತವೆ. ಆದರೆ ಅದರಿಂದ ಹೊರಡುವ ಆಟಗಳಿಗೆ ಪ್ರತಿ ತಂಡವೂ ತನ್ನದೇ ಹೆಸರಿಟ್ಟಿರುತ್ತದೆ. ಹಳೆಯ ತಂಡದಲ್ಲಿ ಮುಷ್ಟಿ ಎತ್ತಿದರೆ ‘ಪಿಕ್ ಅಂಡ್ ರೋಲ್’ ಎಂಬ ಆಟ, ಇಲ್ಲಿ ಅದೇ ಮುಷ್ಟಿಗೆ ಬೇರೆ ಅರ್ಥ ಇರಬಹುದು. 24 ಸೆಕೆಂಡಿನ ಗಡಿಯಾರ ಓಡುತ್ತಿರುವಾಗ, ಹತ್ತೊಂಬತ್ತು ಸಾವಿರ ಜನರ ಗದ್ದಲದ ನಡುವೆ, ಎದುರಾಳಿ ಮೈಮೇಲೆ ಬಿದ್ದಿರುವಾಗ ಕೈ ತಪ್ಪು ಸನ್ನೆ ಮಾಡಿದರೆ ನಾಲ್ವರೂ ತಪ್ಪು ಜಾಗಕ್ಕೆ ಓಡುತ್ತಾರೆ. ಹಳೆಯ ಪಾಠವನ್ನು ಮರೆಯುವುದು ಹೊಸದನ್ನು ಕಲಿಯುವುದಕ್ಕಿಂತ ಕಷ್ಟ.

ಇನ್ನೊಂದು ಕೆಲಸ ಕಾಗದದ ಮೇಲಿರುವುದಿಲ್ಲ. ಬುಟ್ಟಿಯ ಬಳಿ ಆಡುವ ಈ ಎತ್ತರದ ಸೆಂಟರ್‌ಗೆ ಪಾಸ್ ಎದೆಯ ಮಟ್ಟದಲ್ಲಿ ಬೇಕೇ, ಬುಟ್ಟಿಯ ರಿಮ್ ಹತ್ತಿರ ಮೇಲಕ್ಕೆ ಎಸೆಯಬೇಕೇ? ಆ ಶೂಟರ್ ಬಲಗೈಯವನು, ಚೆಂಡಿನ ಹೊಲಿಗೆ ಎಲ್ಲಿ ಬಂದರೆ ಅವನಿಗೆ ಇಷ್ಟ? ತಂಡದ ತಾರೆಗೆ ಯಾವಾಗ ಚೆಂಡು ಕೊಡಬೇಕು, ಯಾವಾಗ ಕೊಡದಿದ್ದರೂ ಬೇಸರವಾಗುವುದಿಲ್ಲ? ಒಂದೇ ತಂಡದಲ್ಲಿ ಹತ್ತು ವರ್ಷ ಇದ್ದವನು ಇದನ್ನೆಲ್ಲ ಒಮ್ಮೆ ಕಲಿತರೆ ಮುಗಿಯಿತು. ಅಲೆಯುವ ಗಾರ್ಡ್ ವರ್ಷವರ್ಷವೂ ಕಲಿಯುತ್ತಾನೆ. ಅಪರಿಚಿತರ ನಂಬಿಕೆಯನ್ನು ಎರಡೇ ದಿನದಲ್ಲಿ ಗಳಿಸುವುದು ಇವರ ನಿಜವಾದ ವಿದ್ಯೆ. ಇಷ್ಟು ವರ್ಷ ಇವರ ಆಟ ನೋಡಿ ನಾನು ಕಂಡುಕೊಂಡದ್ದು ಇದು.

ಅಮೆರಿಕ ಬಿಟ್ಟು ಯುರೋಪಿಗೆ ಹೋದರೆ ಆಟ ಒಂದೇ ತಾನೆ?

ಚೆಂಡು, ಬುಟ್ಟಿಯ ಎತ್ತರ ಒಂದೇ. ಗಾರ್ಡ್ ಪಾಲಿಗೆ ಮಿಕ್ಕಿದ್ದರಲ್ಲಿ ಬಹಳಷ್ಟು ಬೇರೆ.

ಎನ್‌ಬಿಎಯಲ್ಲಿ ರಕ್ಷಣೆಯ ಆಟಗಾರ ಯಾರನ್ನೂ ಕಾಯದೆ ಬುಟ್ಟಿಯ ಮುಂದಿನ ಬಣ್ಣದ ಚೌಕದೊಳಗೆ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ. ಯುರೋಪಿನಲ್ಲಿ ಪಾಲಿಸುವ ಫಿಬಾ (ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟ) ನಿಯಮದಲ್ಲಿ ಆ ತಡೆಯಿಲ್ಲ. ಎದುರಿನವನನ್ನು ಡ್ರಿಬಲ್‌ನಲ್ಲಿ ದಾಟಿ ನುಗ್ಗಿದ ಗಾರ್ಡ್‌ಗೆ ಅಲ್ಲಿ ಖಾಲಿ ಜಾಗ ಸಿಗುವುದಿಲ್ಲ, ರಿಮ್ ಕೆಳಗೆ ಬೇರು ಬಿಟ್ಟ ಮರದಂತೆ ಒಬ್ಬ ಸೆಂಟರ್ ನಿಂತಿರುತ್ತಾನೆ. ಹಾಗಾಗಿ ವೇಗವೊಂದನ್ನೇ ನಂಬಿದವರು ಮೊದಲ ತಿಂಗಳಲ್ಲೇ ಸೋಲುತ್ತಾರೆ. ನಡುವೆ ನಿಂತು ಮೆಲ್ಲಗೆ ಎತ್ತಿ ಹಾಕುವ ಫ್ಲೋಟರ್, ಸಹ ಆಟಗಾರ ಎದುರಾಳಿಗೆ ಅಡ್ಡ ನಿಲ್ಲುವ ‘ಸ್ಕ್ರೀನ್’ ಆದ ಮೇಲೆ ಒಂದು ಕ್ಷಣ ತಡೆದು ಪಾಸ್ ಕೊಡುವ ತಾಳ್ಮೆ, ಇವು ಇದ್ದವರು ಉಳಿಯುತ್ತಾರೆ. ಮೂರು ಅಂಕದ ಗೆರೆ ಫಿಬಾದಲ್ಲಿ 6.75 ಮೀಟರ್, ಎನ್‌ಬಿಎಯಲ್ಲಿ 7.24. ಪಂದ್ಯ 40 ನಿಮಿಷ, ಎನ್‌ಬಿಎಯಲ್ಲಿ 48. ಫೌಲ್ ಐದಾದರೆ ಹೊರಗೆ, ಎನ್‌ಬಿಎಯಲ್ಲಿ ಆರು. ಎನ್‌ಬಿಎಯಲ್ಲಿ ಇಬ್ಬರು ಸುತ್ತುವರಿದು ಸಿಕ್ಕಿಹಾಕಿಕೊಂಡ ಗಾರ್ಡ್ ತಾನೇ ಟೈಮ್‌ಔಟ್ ಕೇಳಿ ಪಾರಾಗಬಹುದು. ಫಿಬಾದಲ್ಲಿ ಕೋಚ್ ಮಾತ್ರ ಕೇಳಬೇಕು, ಅದೂ ಆಟ ನಿಂತಾಗ ಅಥವಾ ಎದುರಾಳಿ ಅಂಕ ಗಳಿಸಿದಾಗ ಸಿಗುತ್ತದೆ.

ಅಲ್ಲಿ ಹೋಗಿ ಬೆಳೆದವರಲ್ಲಿ ನನಗೆ ಬಹಳ ಮೆಚ್ಚುಗೆ ಮೈಕ್ ಜೇಮ್ಸ್ ಮೇಲೆ. 1990ರಲ್ಲಿ ಹುಟ್ಟಿದ ಮೈಕ್ ಜೇಮ್ಸ್ ಇವರು. ಅದೇ ಹೆಸರಿನ ಹಿರಿಯ ಗಾರ್ಡ್ ಇನ್ನೊಬ್ಬರಿದ್ದಾರೆ, ಅವರೂ ಯುರೋಪಿನಿಂದ ಬಂದು 2004ರಲ್ಲಿ ಡೆಟ್ರಾಯಿಟ್ ಜೊತೆ ಚಾಂಪಿಯನ್ ಆದರು. ಕಿರಿಯ ಜೇಮ್ಸ್ 2012ರಲ್ಲಿ ಡ್ರಾಫ್ಟ್ ಆಗದೆ ಕ್ರೊಯೇಷಿಯಾ, ಇಸ್ರೇಲ್, ಇಟಲಿಯ ಕೆಳ ಡಿವಿಷನ್, ಗ್ರೀಸ್, ಸ್ಪೇನ್ ಸುತ್ತಿದರು. 2017ರಲ್ಲಿ ಟು-ವೇ ಒಪ್ಪಂದದಲ್ಲಿ ಫೀನಿಕ್ಸ್‌ಗೆ ಬಂದರೂ ಡಿಸೆಂಬರ್ ಹೊತ್ತಿಗೆ ಆ ತಂಡ ಅವರನ್ನು ಕೈಬಿಟ್ಟಿತು. ಮತ್ತೆ ಯುರೋಪ್. 2023–24ರ ಋತುವಿನಲ್ಲಿ ಮೊನಾಕೊ ಪರ ಆಡುತ್ತ ಯುರೋಪಿನ ಅಗ್ರ ಕ್ಲಬ್ ಟೂರ್ನಿ ಯುರೋಲೀಗ್ ಇತಿಹಾಸದಲ್ಲೇ ಅತಿ ಹೆಚ್ಚು ಅಂಕ ಗಳಿಸಿದವರಾದರು, ಆ ವರ್ಷದ ಅತ್ಯುತ್ತಮ ಆಟಗಾರ ಪ್ರಶಸ್ತಿಯೂ ಅವರಿಗೇ ಬಂತು.

ಚೀನಾಗೆ ಯಾಕೆ ಅಷ್ಟೊಂದು ಮಂದಿ ಹೋಗುತ್ತಿದ್ದರು?

ದುಡ್ಡು ಒಂದು ಕಾರಣ, ಕ್ಯಾಲೆಂಡರ್ ಇನ್ನೊಂದು. ಅಲ್ಲಿನ ಋತು ಬೇಗ ಮುಗಿಯುತ್ತಿತ್ತು, ಆದ್ದರಿಂದ ಎನ್‌ಬಿಎ ಋತುವಿನ ಕೊನೆಗೆ ಬಂದು ಸೇರಲು ಅವಕಾಶವಿತ್ತು. ಜೆ. ಆರ್. ಸ್ಮಿತ್ 2012ರಲ್ಲಿ ಹೀಗೇ ಬಂದು ನಿಕ್ಸ್ ಸೇರಿದರು. ಸ್ಟೆಫನ್ ಮಾರ್ಬರಿ ಮಾತ್ರ ಅಲ್ಲೇ ನೆಲೆ ಕಂಡುಕೊಂಡರು. ಬೀಜಿಂಗ್ ಡಕ್ಸ್‌ಗೆ 2012, 2014, 2015ರಲ್ಲಿ ಪ್ರಶಸ್ತಿ ಗೆದ್ದುಕೊಟ್ಟ ಅವರಿಗೆ ಆ ನಗರದಲ್ಲಿ ಪ್ರತಿಮೆಯೇ ಇದೆ.

ಹೊರದೇಶದಲ್ಲಿ ಸಂಬಳ ಸರಿಯಾಗಿ ಕೈಗೆ ಸಿಗುತ್ತದೆಯೇ?

ದೊಡ್ಡ ಕ್ಲಬ್‌ಗಳಲ್ಲಿ ಬಹುಮಟ್ಟಿಗೆ ಸಿಗುತ್ತದೆ. ಸಣ್ಣ ಕ್ಲಬ್‌ಗಳಲ್ಲಿ ತಿಂಗಳುಗಟ್ಟಲೆ ಬಾಕಿ ನಿಲ್ಲಿಸುವುದು ಹಳೆಯ ಕಾಯಿಲೆ. ಒಪ್ಪಂದದಲ್ಲಿ ತೆರಿಗೆ ಕಳೆದ ಸಂಬಳ, ಮನೆ, ಕಾರು ಎಂದೆಲ್ಲ ಬರೆದಿರುತ್ತದೆ. ತಂಡ ನಾಲ್ಕು ಪಂದ್ಯ ಸೋತರೆ ಹೊರಗಿನಿಂದ ತಂದ ಗಾರ್ಡ್ ಮೇಲೇ ಮೊದಲ ಕೋಪ. ‘ಗಾಯ’ದ ನೆಪ, ‘ಅಶಿಸ್ತಿನ’ ನೆಪ ಹೇಳಿ ಹೊರಗೆ ಕಳಿಸಿದ್ದೂ ಇದೆ.

ಇದಕ್ಕೆ ಮದ್ದಾಗಿ ಫಿಬಾ 2007ರಲ್ಲಿ ಜಿನೀವಾದಲ್ಲಿ ಒಂದು ಮಧ್ಯಸ್ಥಿಕೆ ನ್ಯಾಯಮಂಡಳಿ ತಂದಿತು. ಒಪ್ಪಂದದಲ್ಲಿ ಆ ಮಂಡಳಿಯ ಹೆಸರು ಬರೆದಿದ್ದರೆ ಆಟಗಾರ ನೇರವಾಗಿ ಅಲ್ಲಿಗೆ ಹೋಗಬಹುದು. ಯಾವ ದೇಶದ ಕಾನೂನು ಅನ್ವಯ ಎಂಬ ಜಗ್ಗಾಟವಿಲ್ಲದೆ ನ್ಯಾಯಯುತ ಯಾವುದು ಎಂಬುದರ ಮೇಲೆ ಒಬ್ಬ ಮಧ್ಯಸ್ಥಗಾರ ತೀರ್ಪು ಕೊಡುತ್ತಾರೆ. ತೀರ್ಪು ಪಾಲಿಸದ ಕ್ಲಬ್ ಹೊಸ ಆಟಗಾರರನ್ನು ನೋಂದಾಯಿಸದಂತೆ ಫಿಬಾ ತಡೆಯಬಹುದು. ಹೊರದೇಶಕ್ಕೆ ಹೊರಟ ಯಾವುದೇ ಆಟಗಾರ ಸಹಿ ಹಾಕುವ ಮೊದಲು ಆ ಒಂದು ಸಾಲು ಒಪ್ಪಂದದಲ್ಲಿ ಇದೆಯೇ ಎಂದು ಹುಡುಕಲೇಬೇಕು. ಸಂಬಳದ ಮೊತ್ತಕ್ಕಿಂತ ಮೊದಲು ಅದನ್ನೇ ನೋಡಬೇಕು ಎನ್ನುವವನು ನಾನು.

ಒಟ್ಟಾರೆ ಗಳಿಕೆ ಎಷ್ಟು?

2024–25ರ ಲೆಕ್ಕ ಹೇಳುತ್ತೇನೆ. ಹೊಸಬನಿಗೆ ಎನ್‌ಬಿಎ ಕನಿಷ್ಠ ಸಂಬಳ 11,57,153 ಡಾಲರ್. ಹತ್ತು ವರ್ಷದ ಅನುಭವವಿದ್ದವನಿಗೆ 33,03,771. ಟು-ವೇ ಆಟಗಾರನಿಗೆ ಹೊಸಬನ ಕನಿಷ್ಠದ ಅರ್ಧ. ಹತ್ತು ದಿನದ ಒಪ್ಪಂದಕ್ಕೆ, ಅನುಭವವಿಲ್ಲದವನಾದರೆ, ಸುಮಾರು 66,500. ಜಿ ಲೀಗಿನಲ್ಲಿ ಇಡೀ ಋತುವಿಗೆ 40 ಸಾವಿರ ಡಾಲರ್ ಆಸುಪಾಸು. ಅಂದರೆ ಜಿ ಲೀಗಿನ ಐದಾರು ತಿಂಗಳ ದುಡಿಮೆಗಿಂತ ಮೇಲಿನ ಹಂತದ ಹತ್ತು ದಿನಕ್ಕೇ ಹೆಚ್ಚು ಸಿಗುತ್ತದೆ. ಒಂದು ಕರೆಗಾಗಿ ಅಷ್ಟೊಂದು ಮಂದಿ ಕಾಯುವುದು ಇದಕ್ಕೇ.

ಅನುಭವಿಗೆ ಕನಿಷ್ಠ ಸಂಬಳವೇ ಇಷ್ಟು ಜಾಸ್ತಿಯಾದರೆ ತಂಡಗಳು ಅಗ್ಗದ ಹುಡುಗರನ್ನೇ ತೆಗೆದುಕೊಳ್ಳುವುದಿಲ್ಲವೇ ಎಂದು ಕೇಳಬಹುದು. ಅದಕ್ಕೆ ಲೀಗ್ ಒಂದು ದಾರಿ ಮಾಡಿದೆ. ಅನುಭವಿ ಆಟಗಾರನನ್ನು ಒಂದು ವರ್ಷದ ಕನಿಷ್ಠ ಒಪ್ಪಂದಕ್ಕೆ ತೆಗೆದುಕೊಂಡರೆ ತಂಡದ ಲೆಕ್ಕಕ್ಕೆ ಬರುವುದು ಎರಡು ವರ್ಷ ಅನುಭವದವನ ಮೊತ್ತ ಮಾತ್ರ, ಮಿಕ್ಕಿದ್ದನ್ನು ಲೀಗ್ ತುಂಬಿಕೊಡುತ್ತದೆ. ಮೂವತ್ತು ದಾಟಿದ ಗಾರ್ಡ್‌ಗಳ ಅನ್ನ ಉಳಿಸಿದ ನಿಯಮಗಳಲ್ಲಿ ಇದು ಮುಖ್ಯವಾದದ್ದು. ಇನ್ನೊಂದು, ಪಿಂಚಣಿಗೆ ಅರ್ಹತೆ ಬರುವುದು ಮೂರು ವರ್ಷ ಸೇವೆಯಾದ ಮೇಲೆ. ಎರಡು ವರ್ಷ ಆಡಿದವನು ಮೂರನೆಯದಕ್ಕಾಗಿ ಎಲ್ಲಿಗೆ ಬೇಕಾದರೂ ಹೋಗಲು ತಯಾರಿರುವುದು ಬರೀ ಆಟದ ಹುಚ್ಚಿಗಲ್ಲ.

ಏಜೆಂಟ್ ಎಷ್ಟು ಮುಖ್ಯ?

ಆಂಟನಿ ಕಾರ್ಟರ್ ಅವರಿಗೆ ಆದದ್ದು ಕೇಳಿ. 2003ರಲ್ಲಿ ಮಯಾಮಿ ತಂಡದಲ್ಲಿದ್ದ ಈ ಗಾರ್ಡ್‌ಗೆ ಮುಂದಿನ ವರ್ಷಕ್ಕೆ 41 ಲಕ್ಷ ಡಾಲರ್‌ನ ಆಯ್ಕೆ ಒಪ್ಪಂದದಲ್ಲೇ ಇತ್ತು. ಉಳಿಯುತ್ತೇನೆ ಎಂದು ಗಡುವಿನೊಳಗೆ ತಂಡಕ್ಕೆ ತಿಳಿಸಿದರೆ ಸಾಕಿತ್ತು. ಏಜೆಂಟ್ ಕಚೇರಿಯಿಂದ ಆ ಪತ್ರ ಹೋಗಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಕಾರ್ಟರ್ ಸ್ಯಾನ್ ಆಂಟೋನಿಯೊದಲ್ಲಿ ಕನಿಷ್ಠ ಸಂಬಳಕ್ಕೆ ಆಡಬೇಕಾಯಿತು. ಮಯಾಮಿಗೆ ಉಳಿದ ಹಣದ ಜಾಗದಲ್ಲಿ ಲಮಾರ್ ಓಡಮ್ ಬಂದರು, ಮರುವರ್ಷ ಓಡಮ್ ಅವರನ್ನು ಸೇರಿಸಿ ಕೊಟ್ಟು ಶಕೀಲ್ ಓನೀಲ್ ಅವರನ್ನು ತಂದರು, 2006ರಲ್ಲಿ ತಂಡ ಚಾಂಪಿಯನ್ ಆಯಿತು. ಏಜೆಂಟ್ ತಪ್ಪು ಒಪ್ಪಿಕೊಂಡು ನಷ್ಟವನ್ನು ವರ್ಷಗಟ್ಟಲೆ ಕಂತಿನಲ್ಲಿ ತುಂಬಿಕೊಟ್ಟರು. ಕಾರ್ಟರ್ ಮುಂದೆಯೂ ಅನೇಕ ವರ್ಷ ಆಡಿದರು.

ಒಮ್ಮೆ ತಾರೆಯಾಗಿದ್ದವರೂ ಹೀಗಾಗುತ್ತಾರೆಯೇ?

ಆಗುತ್ತಾರೆ, ಹೆಚ್ಚಾಗಿ ಗಾಯದಿಂದ. ಐಸಯಾ ಥಾಮಸ್ 2011ರ ಡ್ರಾಫ್ಟ್‌ನ ಕಟ್ಟಕಡೆಯ, 60ನೆಯ ಹೆಸರು. 2016–17ರಲ್ಲಿ ಬಾಸ್ಟನ್ ಪರ ಪಂದ್ಯಕ್ಕೆ ಸರಾಸರಿ 28.9 ಅಂಕ ಗಳಿಸಿದರು. ಆ ಋತುವಿನ ಕೊನೆಗೆ ಸೊಂಟದ ಕೀಲಿನ ಗಾಯ, ಬೇಸಿಗೆಯಲ್ಲಿ ಕ್ಲೀವ್‌ಲ್ಯಾಂಡ್‌ಗೆ ಟ್ರೇಡ್. ಅಲ್ಲಿಂದ ಒಂದೂರಲ್ಲೂ ನಿಲ್ಲಲಿಲ್ಲ. 2021ರ ಡಿಸೆಂಬರ್‌ನಲ್ಲಿ ಕೋವಿಡ್‌ನಿಂದ ತಂಡಗಳು ಖಾಲಿಯಾಗುತ್ತಿದ್ದಾಗ ಅವರು ಜಿ ಲೀಗಿನ ಮೊದಲ ಪಂದ್ಯದಲ್ಲೇ 42 ಅಂಕ ಬಾರಿಸಿದರು, ಕೂಡಲೇ ಲೇಕರ್ಸ್‌ನಿಂದ ಹತ್ತು ದಿನಕ್ಕೆ ಕರೆ ಬಂತು. ಗಾರ್ಡ್‌ನ ಬಂಡವಾಳ ಅವನ ಮೊದಲ ಹೆಜ್ಜೆ. ಸೊಂಟ, ಮೊಣಕಾಲು, ಹಿಮ್ಮಡಿ ಕೈಕೊಟ್ಟರೆ ಆ ಒಂದು ಹೆಜ್ಜೆಯ ವೇಗ ಕೂದಲೆಳೆಯಷ್ಟು ಕಡಿಮೆಯಾದರೂ ಎದುರಾಳಿಗೆ ಸಾಕು.

ಮಹಿಳಾ ಲೀಗಿನಲ್ಲಿ ಪರಿಸ್ಥಿತಿ ಹೇಗೆ?

ಇನ್ನೂ ಬಿಗಿ. ಡಬ್ಲ್ಯುಎನ್‌ಬಿಎಯಲ್ಲಿ ಬಹುಕಾಲ ಇದ್ದದ್ದು 12 ತಂಡ, ತಂಡಕ್ಕೆ ಹೆಚ್ಚೆಂದರೆ 12 ಜಾಗ. ಕ್ರಿಸ್ಟಲ್ ಡೇಂಜರ್‌ಫೀಲ್ಡ್ 2020ರಲ್ಲಿ ಎರಡನೆಯ ಸುತ್ತಿನಲ್ಲಿ, 16ನೆಯವರಾಗಿ ಮಿನ್ನೆಸೋಟಾಗೆ ಬಂದು ಆ ವರ್ಷದ ಅತ್ಯುತ್ತಮ ಹೊಸ ಆಟಗಾರ್ತಿ ಆದರು. ಎರಡನೆಯ ಸುತ್ತಿನಿಂದ ಬಂದು ಆ ಪ್ರಶಸ್ತಿ ಪಡೆದವರು ಅವರೇ ಮೊದಲು. ಎರಡೇ ವರ್ಷದ ನಂತರ, 2022ರ ಮೇ ತಿಂಗಳಲ್ಲಿ, ಅದೇ ತಂಡ ಅವರನ್ನು ಕೈಬಿಟ್ಟಿತು. ಆ ಬೇಸಿಗೆಯಲ್ಲೇ ಇಂಡಿಯಾನಾ, ಆಮೇಲೆ ನ್ಯೂಯಾರ್ಕ್, ಮರುವರ್ಷ ಡಲ್ಲಾಸ್. ಇಂಥ ಗಾರ್ಡ್‌ಗಳು ಬೇಸಿಗೆಯಲ್ಲಿ ಅಮೆರಿಕದಲ್ಲಿ, ಚಳಿಗಾಲದಲ್ಲಿ ಟರ್ಕಿಯಲ್ಲೋ ಇಟಲಿಯಲ್ಲೋ ಆಡಿ ವರ್ಷವಿಡೀ ದುಡಿದದ್ದುಂಟು. ಮೈಗೆ ವಿಶ್ರಾಂತಿಯೇ ಇಲ್ಲದ ಬದುಕು ಅದು. ಈ ಆಟಗಾರ್ತಿಯರಿಗೆ ಸಿಗಬೇಕಾದ ಮಾತು ಇನ್ನೂ ಸಿಕ್ಕಿಲ್ಲ ಎಂಬ ಬೇಸರ ನನಗಿದೆ.

ಮನೆಯವರ ಗತಿ?

ಕೆಲವರು ಹೆಂಡತಿ ಮಕ್ಕಳನ್ನು ಒಂದೇ ಊರಿನಲ್ಲಿ ಬಿಟ್ಟು ತಾವೊಬ್ಬರೇ ತಿರುಗುತ್ತಾರೆ, ಕೆಲವರು ಜೊತೆಗೆ ಗಂಟುಮೂಟೆ ಕಟ್ಟಿಸುತ್ತಾರೆ. ರಿಕ್ ಬ್ರನ್ಸನ್ ಡ್ರಾಫ್ಟ್ ಆಗದೆ ಒಂಬತ್ತು ಋತು ಎನ್‌ಬಿಎಯಲ್ಲಿ ಹಲವು ತಂಡಗಳ ಬೆಂಚಿನಲ್ಲಿ ಕಳೆದ ಗಾರ್ಡ್. ಅವರ ಬದುಕು ಹೀಗೆ ಊರಿಂದೂರಿಗೆ ಸಾಗುತ್ತಿದ್ದಾಗ ಬೆಳೆದ ಮಗನೇ ಜೇಲನ್ ಬ್ರನ್ಸನ್, ಈಗ ನಿಕ್ಸ್ ನಾಯಕ. ತಂದೆ ಅದೇ ತಂಡದಲ್ಲಿ ಸಹಾಯಕ ಕೋಚ್.

ಆಟ ಬಿಟ್ಟ ಮೇಲೆ?

ಬಹಳಷ್ಟು ಮಂದಿ ಕೋಚಿಂಗ್‌ಗೆ ಬರುತ್ತಾರೆ, ಅದರಲ್ಲಿ ಆಶ್ಚರ್ಯವಿಲ್ಲ. ಹತ್ತು ಕೋಚ್‌ಗಳ ಕೈಯಲ್ಲಿ ಆಡಿದವನಿಗೆ ಹತ್ತು ಪ್ಲೇಬುಕ್ ಗೊತ್ತಿರುತ್ತದೆ. ಒಲಿ 2014ರಲ್ಲಿ ಕನೆಕ್ಟಿಕಟ್ ವಿಶ್ವವಿದ್ಯಾಲಯಕ್ಕೆ ಕೋಚ್ ಆಗಿ ರಾಷ್ಟ್ರೀಯ ಪ್ರಶಸ್ತಿ ತಂದರು. ಎಂಟು ತಂಡಗಳಿಗೆ ಆಡಿ ಮೂರು ಬಾರಿ ಚಾಂಪಿಯನ್ ಆದ ಸ್ಯಾಮ್ ಕಸೆಲ್ 2024ರಲ್ಲಿ ಬಾಸ್ಟನ್ ಸಹಾಯಕ ಕೋಚ್ ಆಗಿ ಮತ್ತೆ ಗೆದ್ದರು. ಎನ್‌ಬಿಎಯಲ್ಲಿ ಒಂದೂ ಪಂದ್ಯ ಆಡದೆ ಯುರೋಪಿನ ಹಲವು ದೇಶಗಳಲ್ಲಿ ವರ್ಷಗಟ್ಟಲೆ ಗಾರ್ಡ್ ಆಗಿ ಆಡಿದ ಕೆನ್ನಿ ಆಟ್ಕಿನ್ಸನ್ 2024–25ರ ಎನ್‌ಬಿಎಯ ವರ್ಷದ ಕೋಚ್.

ಒಬ್ಬರದೇ ಕತೆ ಹೇಳಿ ಅಂದರೆ ಯಾರದು ಹೇಳುತ್ತೀರಿ?

ಆಂಡ್ರೆ ಇಂಗ್ರಾಮ್ ಅವರದು. ಭೌತಶಾಸ್ತ್ರ ಓದಿದವರು. 2007ರಿಂದ ಹತ್ತು ವರ್ಷಕ್ಕೂ ಮೇಲೆ ಎನ್‌ಬಿಎಯ ಕೆಳಲೀಗಿನಲ್ಲಿ ಆಡುತ್ತ, ಸಂಸಾರಕ್ಕಾಗಿ ಮಕ್ಕಳಿಗೆ ಗಣಿತದ ಪಾಠ ಹೇಳಿಕೊಡುತ್ತ ಇದ್ದರು. ತಲೆಗೂದಲು ಬೆಳ್ಳಗಾಗಿತ್ತು. 2018ರ ಏಪ್ರಿಲ್‌ನಲ್ಲಿ, ಋತುವಿನ ಎರಡೇ ಪಂದ್ಯ ಉಳಿದಿದ್ದಾಗ, ಲೇಕರ್ಸ್ ಅವರನ್ನು ಕರೆಯಿತು. ಆಗ ಅವರಿಗೆ 32 ವರ್ಷ.

ಏಪ್ರಿಲ್ 10ರ ರಾತ್ರಿ, ಎದುರಿಗೆ ಆ ಋತುವಿನಲ್ಲಿ ಅತಿ ಹೆಚ್ಚು ಪಂದ್ಯ ಗೆದ್ದಿದ್ದ ಹ್ಯೂಸ್ಟನ್. ಇಂಗ್ರಾಮ್ ಮೂರು ಅಂಕದ ಗೆರೆಯಾಚೆಯಿಂದ ಐದು ಎಸೆದು ನಾಲ್ಕು ಹಾಕಿದರು, ಒಟ್ಟು 19 ಅಂಕ. ಪ್ರೇಕ್ಷಕರು ಎದ್ದು ನಿಂತು ‘ಎಂವಿಪಿ, ಎಂವಿಪಿ’ (ಅತ್ಯಮೂಲ್ಯ ಆಟಗಾರ) ಎಂದು ಕೂಗಿದರು. ಪಂದ್ಯ ಲೇಕರ್ಸ್ ಸೋತಿತು, ಯಾರಿಗೂ ಅದು ನೆನಪಿಲ್ಲ. ನಾನು ಆ ಪಂದ್ಯದ ದೃಶ್ಯಗಳನ್ನು ಎಷ್ಟೋ ಸಲ ನೋಡಿದ್ದೇನೆ. ಅವರ ಶೂಟಿಂಗ್‌ನಲ್ಲಿ ಒಂದಿಷ್ಟೂ ಅವಸರವಿಲ್ಲ. ಕಾಲು ಜೋಡಿಸಿಕೊಳ್ಳುವುದು, ಮೊಣಕೈ ಏರುವುದು, ಬೆರಳು ಚೆಂಡಿನಿಂದ ಬಿಡುವುದು, ಎಲ್ಲವೂ ಖಾಲಿ ಜಿಮ್‌ನಲ್ಲಿ ಒಬ್ಬರೇ ಅಭ್ಯಾಸ ಮಾಡುತ್ತಿರುವಂತೆ. ಮರುವರ್ಷ ಮಾರ್ಚ್‌ನಲ್ಲಿ ಹತ್ತು ದಿನದ ಒಪ್ಪಂದಕ್ಕೆ ಮತ್ತೊಮ್ಮೆ ಕರೆದರು. ಅದು ಮುಗಿದ ಮೇಲೆ ಅವರು ಕೆಳಲೀಗಿನ ತಮ್ಮ ಹಳೆಯ ತಂಡಕ್ಕೆ ಹಿಂತಿರುಗಿ ಆಟ ಮುಂದುವರಿಸಿದರು.